ಫೊರೆನ್ಸಿಕ್ ಸೈನ್ಸ್: ಯಾವ ಪುಸ್ತಕ ಮೊದಲು, ಯಾವುದು ಆಮೇಲೆ?

ಪ್ರಶ್ನೆ: ಜಮಖಂಡಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ನನ್ನ ವಿಷಯಗಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಫೊರೆನ್ಸಿಕ್ ಸೈನ್ಸ್ ಅಂದರೆ ಜೀವ. ಧಾರಾವಾಹಿ, ವಿಡಿಯೊ ನೋಡಿದ್ದು ಸಾಕು, ಇನ್ನು ಗಟ್ಟಿಯಾಗಿ ಓದಬೇಕು ಅನಿಸಿದೆ. ಮುಂದೆ ಎಂ.ಎಸ್ಸಿ. ಮಾಡುವ ಆಸೆಯೂ ಇದೆ. ಯಾವ ಪುಸ್ತಕದಿಂದ ಶುರು ಮಾಡಲಿ? ಎಲ್ಲವನ್ನೂ ಕೊಳ್ಳುವ ಶಕ್ತಿ ಇಲ್ಲ.

ಉತ್ತರ: ದುಡ್ಡು ಕೊಟ್ಟು ಕೊಳ್ಳಬೇಕಾದ್ದು ಸದ್ಯಕ್ಕೆ ಒಂದೇ ಪುಸ್ತಕ, ಕೆ.ಎಸ್. ನಾರಾಯಣ ರೆಡ್ಡಿ ಅವರ 'ಎಸೆನ್ಷಿಯಲ್ಸ್ ಆಫ್ ಫೊರೆನ್ಸಿಕ್ ಮೆಡಿಸಿನ್ ಅಂಡ್ ಟಾಕ್ಸಿಕಾಲಜಿ'. ಇದು ಎಂ.ಬಿ.ಬಿ.ಎಸ್. ಮಕ್ಕಳ ಪಠ್ಯ, ನನಗೇಕೆ ಎಂದು ನೀವು ಕೇಳಬಹುದು. ನಮ್ಮ ದೇಶದ ಹವೆ, ನಮ್ಮಲ್ಲಿ ಸಿಗುವ ವಿಷ, ನಮ್ಮ ಪೊಲೀಸ್ ಪಂಚನಾಮೆ, ನಮ್ಮ ಕೋರ್ಟು, ಈ ನಾಲ್ಕೂ ಒಂದೇ ಕಡೆ ಸಿಗುವುದು ಇಂಥ ಪುಸ್ತಕದಲ್ಲಿ. ಇಂಗ್ಲಿಷೂ ಸರಳ, ವಾಕ್ಯಗಳು ಚಿಕ್ಕವು. ಕನ್ನಡ ಮಾಧ್ಯಮದಿಂದ ಬಂದವರಿಗೆ ಅದು ದೊಡ್ಡ ಅನುಕೂಲ.

ಯಾವ ಫೊರೆನ್ಸಿಕ್ ಪುಸ್ತಕ ಕೈಗೆ ಬಂದರೂ ಒಳಪುಟ ತೆರೆಯುವ ಮೊದಲು ಮೂರು ಸಂಗತಿ ನೋಡಿ: ಯಾವ ದೇಶದಲ್ಲಿ ಬರೆದದ್ದು, ಯಾವ ವರ್ಷದ್ದು, ಎಷ್ಟನೇ ಆವೃತ್ತಿ. ಭೌತಶಾಸ್ತ್ರದ ಪುಸ್ತಕ ಎಲ್ಲಿಯದಾದರೂ ನಡೆಯುತ್ತದೆ. ಇಲ್ಲಿ ಹಾಗಲ್ಲ. ಸಾವಿನ ಸಮಯ ಅಂದಾಜು ಮಾಡುವ ಅಧ್ಯಾಯವನ್ನೇ ನೋಡಿ. ಶವ ತಣ್ಣಗಾಗುವ ವೇಗದ ಕೋಷ್ಟಕಗಳು ಹೆಚ್ಚಾಗಿ ತಂಪು ದೇಶಗಳಲ್ಲಿ ಹುಟ್ಟಿದವು. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಬದುಕಿದ್ದ ದೇಹದ ಉಷ್ಣತೆ 37 ಡಿಗ್ರಿ. ಸುತ್ತಲಿನ ಗಾಳಿಯೇ ದೇಹಕ್ಕಿಂತ ಬಿಸಿ ಇದ್ದಾಗ ಶವ ತಣ್ಣಗಾಗುವುದೇ ಇಲ್ಲ. ಆಗ ಗಂಟೆಗೆ ಇಷ್ಟು ಡಿಗ್ರಿ ಎಂಬ ಲೆಕ್ಕ ಹಿಡಿದು ಕುಳಿತವರು ತಪ್ಪು ಉತ್ತರಕ್ಕೇ ಹೋಗಿ ಮುಟ್ಟುತ್ತಾರೆ. ಸತ್ತ ಮೇಲೆ ಮೈ ಮರಗಟ್ಟುವ ಸೆಟೆತವೂ ಬೇಸಿಗೆಯಲ್ಲಿ ಬೇಗ ಬಂದು ಬೇಗ ಬಿಡುತ್ತದೆ. ಭಾರತದ ಪುಸ್ತಕಗಳು ಈ ವ್ಯತ್ಯಾಸವನ್ನು ಬಿಡಿಸಿ ಹೇಳುತ್ತವೆ.

ವಿಷಶಾಸ್ತ್ರದಲ್ಲಿ ಈ ಅಂತರ ಇನ್ನೂ ದೊಡ್ಡದು. ಅಮೆರಿಕದ ಪಠ್ಯ ತೆಗೆದರೆ ಕೊಕೇನ್, ಹೆರಾಯಿನ್, ಮದ್ಯ ಇವೇ ಪುಟ ತುಂಬಿರುತ್ತವೆ. ನಮ್ಮ ಭಾಗದ ಆಸ್ಪತ್ರೆಗೆ ಬರುವುದು ಹೊಲಕ್ಕೆ ಹೊಡೆಯುವ ಕೀಟನಾಶಕ. ಆರ್ಗನೊಫಾಸ್ಫೇಟ್ ವಿಷವು ಕೋಲಿನೆಸ್ಟರೇಸ್ ಕಿಣ್ವವನ್ನು ತಡೆಯುವುದು ಹೇಗೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು ಏಕೆ, ಬಾಯಲ್ಲಿ ನೊರೆ ಏಕೆ ಎಂಬುದನ್ನು ರೆಡ್ಡಿಯವರ ಪುಸ್ತಕದಲ್ಲಿ ಕೂತು ಓದಿ. ನಿಮ್ಮ ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ಎರಡೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಆಮೇಲೆ ಗಿಡದ ವಿಷಗಳಿಗೆ ಹೋಗಿ: ದತ್ತೂರಿ, ಕಣಗಿಲೆ, ಎಕ್ಕೆ, ದನಗಳನ್ನು ಕೊಲ್ಲಲು ಸೂಜಿ ಮಾಡಿ ಚುಚ್ಚುತ್ತಿದ್ದ ಗುಲಗಂಜಿ, ಪೆಟ್ಟು ಬಿದ್ದಂತೆ ಸುಳ್ಳು ಗುರುತು ಮೂಡಿಸಲು ಹಚ್ಚಿಕೊಳ್ಳುವ ಗೇರಿನ ರಸ (ಗೋಡಂಬಿಯ ಗೇರಲ್ಲ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಡುಗೇರು). ಇವುಗಳಲ್ಲಿ ಬಹಳಷ್ಟು ನಿಮ್ಮ ಊರ ಬದುವಿನ ಮೇಲೇ ಬೆಳೆದಿವೆ.

ಓದಿದ್ದನ್ನು ಕಣ್ಣಿಂದ ನೋಡಲು ಒಂದು ಸುಲಭ ದಾರಿ ಇದೆ. ದತ್ತೂರಿ ಬೀಜ, ಮೆಣಸಿನಕಾಯಿ ಬೀಜ ಎರಡನ್ನೂ ಬೇರೆ ಬೇರೆ ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ದತ್ತೂರಿಯದು ದಪ್ಪ, ಕಂದು, ಮೇಲ್ಮೈ ತುಂಬ ಸಣ್ಣ ಕುಳಿ. ಮೆಣಸಿನದು ತೆಳು, ತಿಳಿ ಹಳದಿ, ನುಣುಪು. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಒಳಗಿನ ಭ್ರೂಣದ ಬಾಗು ದತ್ತೂರಿಯಲ್ಲಿ ಹೊರಮುಖ, ಮೆಣಸಿನಲ್ಲಿ ಒಳಮುಖ. ರುಚಿ ನೋಡಬೇಡಿ. ಕೈಗವಸು ಹಾಕಿ, ಮುಗಿದ ಮೇಲೆ ಬೀಜ, ಬ್ಲೇಡು, ಕಾಗದ ಎಲ್ಲವನ್ನೂ ಮನೆಯ ಮಕ್ಕಳಿಗೆ ಸಿಗದಂತೆ ವಿಲೇವಾರಿ ಮಾಡಿ.

ಅದೇ ಪುಸ್ತಕದಲ್ಲಿ ಒಳಾಂಗಗಳನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧ್ಯಾಯವನ್ನು ಎರಡು ಸಲ ಓದಿ. ಹೊಟ್ಟೆ ಅದರೊಳಗಿನ ಪದಾರ್ಥದ ಸಮೇತ, ಸಣ್ಣಕರುಳಿನ ಮೇಲ್ಭಾಗದ ಸುಮಾರು 30 ಸೆಂ.ಮೀ., ಯಕೃತ್ತಿನ ಸುಮಾರು 500 ಗ್ರಾಂ, ಎರಡೂ ಮೂತ್ರಪಿಂಡಗಳ ಅರ್ಧರ್ಧ, ಜೊತೆಗೆ ರಕ್ತ. ಸಾಮಾನ್ಯವಾಗಿ ಅಂಗಗಳನ್ನು ಇಡುವುದು ಉಪ್ಪಿನ ಸಂತೃಪ್ತ ದ್ರಾವಣದಲ್ಲಿ. ಆಮ್ಲ ಕುಡಿದ ಶಂಕೆ ಇದ್ದರೆ ರೆಕ್ಟಿಫೈಡ್ ಸ್ಪಿರಿಟ್ (ಶುದ್ಧೀಕರಿಸಿದ ಮದ್ಯಸಾರ). ಮದ್ಯದ ಶಂಕೆ ಇದ್ದಲ್ಲಿ ಸ್ಪಿರಿಟ್ ಹಾಕಿದರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಫಾರ್ಮಾಲಿನ್ ಅಂತೂ ಬೇಡವೇ ಬೇಡ, ಅದು ಅಂಗಾಂಶವನ್ನು ಗಟ್ಟಿ ಮಾಡಿ ವಿಷವನ್ನು ಹೊರತೆಗೆಯುವುದೇ ಕಷ್ಟವಾಗುತ್ತದೆ. ರಕ್ತಕ್ಕೆ 10 ಮಿ.ಲೀ.ಗೆ 100 ಮಿ.ಗ್ರಾಂ ಸೋಡಿಯಂ ಫ್ಲೋರೈಡ್, 30 ಮಿ.ಗ್ರಾಂ ಪೊಟ್ಯಾಸಿಯಂ ಆಕ್ಸಲೇಟ್. ಬಳಸಿದ ಉಪ್ಪಿನ ಅಥವಾ ಸ್ಪಿರಿಟ್ಟಿನ ಮಾದರಿಯನ್ನು ಬೇರೆ ಸೀಸೆಯಲ್ಲಿ ಕಳಿಸಬೇಕು, ಇಲ್ಲದಿದ್ದರೆ ವಿಷ ಆ ಸ್ಪಿರಿಟ್ಟಿನಲ್ಲೇ ಇತ್ತು ಎಂಬ ವಾದಕ್ಕೆ ಉತ್ತರ ಇರುವುದಿಲ್ಲ. ಪ್ರಯೋಗಾಲಯದಲ್ಲಿ ಎಷ್ಟೇ ದುಬಾರಿ ಯಂತ್ರ ಇರಲಿ, ಈ ಸೀಸೆಗಳಲ್ಲಿ ತಪ್ಪಾದರೆ ಮುಂದಿನದೆಲ್ಲ ವ್ಯರ್ಥ. ಹಾಗಾಗಿ ಪ್ರತಿ ಅಧ್ಯಾಯ ಮುಗಿದಾಗಲೂ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಮಾದರಿ ಏನು, ಎಷ್ಟು, ಯಾವ ಪಾತ್ರೆ, ಏನು ಹಾಕಿ ಇಟ್ಟರು, ಮೊಹರು ಯಾರು ಹಾಕಿದರು, ಮೊದಲ ಪರೀಕ್ಷೆ ಯಾವುದು, ಖಚಿತಪಡಿಸುವ ಪರೀಕ್ಷೆ ಯಾವುದು, 'ಇಲ್ಲ' ಎಂಬ ಫಲಿತಾಂಶ ಬಂದರೆ ಅದರ ಅರ್ಥ ಏನು.

ಎರಡನೆಯ ಪುಸ್ತಕ ಬಿ.ಆರ್. ಶರ್ಮಾ ಅವರ 'ಫೊರೆನ್ಸಿಕ್ ಸೈನ್ಸ್ ಇನ್ ಕ್ರಿಮಿನಲ್ ಇನ್ವೆಸ್ಟಿಗೇಷನ್ ಅಂಡ್ ಟ್ರಯಲ್ಸ್'. ದಪ್ಪ ಪುಸ್ತಕ, ಗ್ರಂಥಾಲಯದಲ್ಲೇ ಓದಿ. ವಿಜ್ಞಾನದ ಪ್ರತಿ ಶಾಖೆಯ ಪಕ್ಕದಲ್ಲೇ ಭಾರತದ ತೀರ್ಪುಗಳನ್ನು ಇಟ್ಟು ತೋರಿಸುವುದು ಇದರ ಬಲ. ಆದರೆ ಇಲ್ಲಿ ಆವೃತ್ತಿಯ ಮಾತು ಬರುತ್ತದೆ. 2024ರ ಜುಲೈ 1ರಿಂದ ಹೊಸ ಮೂರು ಕಾನೂನು ಜಾರಿಯಲ್ಲಿವೆ. ಹಳೆಯ ಪ್ರತಿ ಸಿಕ್ಕರೆ ಬಿಡಬೇಡಿ, ಕಲಂ ಸಂಖ್ಯೆಗಳನ್ನು ಪೆನ್ಸಿಲಿನಲ್ಲಿ ತಿದ್ದಿಕೊಳ್ಳಿ. ತಜ್ಞರ ಅಭಿಪ್ರಾಯದ ಸಾಕ್ಷ್ಯ ಅಧಿನಿಯಮ 45 ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39. ಎಲೆಕ್ಟ್ರಾನಿಕ್ ದಾಖಲೆಯ 65ಬಿ ಈಗ 63, ಅದರ ಪ್ರಮಾಣಪತ್ರದಲ್ಲಿ ಈಗ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಬರೆಯಬೇಕು. ಅಸಹಜ ಸಾವಿನ ತನಿಖೆಯ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 174 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಸರ್ಕಾರಿ ತಜ್ಞರ ವರದಿಯ 293 ಈಗ 329. ಪೂರಾ ಹೊಸದು ಅದೇ ಸುರಕ್ಷಾ ಸಂಹಿತೆಯ 176ನೇ ಕಲಮಿನ 3ನೇ ಉಪಕಲಂ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೊ ಮಾಡಿಸಬೇಕು ಎನ್ನುತ್ತದೆ ಅದು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ನೀವು ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ಇದೇ ಕಲಂ ನಿಮ್ಮಂಥವರಿಗೆ ಕೆಲಸ ಕೊಡುವುದು, ಆದ್ದರಿಂದ ಮೂಲ ಪಠ್ಯವನ್ನೇ ಓದಿಡಿ. ಕಾಯ್ದೆಗಳ ಪಠ್ಯ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿ ಪುಕ್ಕಟೆ ಇದೆ.

ಕಾನೂನಿನ ಜೊತೆಗೇ ಒಂದು ತೀರ್ಪು: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, ಸುಪ್ರೀಂ ಕೋರ್ಟ್, 2010. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ಹೇಳಿದ್ದು ಇದೇ. ಟಿವಿಯಲ್ಲಿ ಈಗಲೂ ಮಂಪರು ಪರೀಕ್ಷೆಯನ್ನು ಸತ್ಯ ಕಕ್ಕಿಸುವ ಯಂತ್ರ ಎಂಬಂತೆ ತೋರಿಸುತ್ತಾರೆ. ಆ ಪರೀಕ್ಷೆಗಳು ಕೆಲಸ ಮಾಡುವ ರೀತಿ, ಅವುಗಳ ಮಿತಿ ಎಲ್ಲವೂ ಆ ತೀರ್ಪಿನೊಳಗೇ ವಿವರವಾಗಿ ಬಂದಿವೆ, ಪಠ್ಯಪುಸ್ತಕದ ಒಂದು ಅಧ್ಯಾಯದಂತೆಯೇ ಓದಬಹುದು.

ರೆಡ್ಡಿ, ಶರ್ಮಾ ಅವರ ಎರಡು ಪುಸ್ತಕ ಆದ ಮೇಲೆ ಹೊರದೇಶದ ಪಠ್ಯ ಹಿಡಿಯಿರಿ. ನನ್ನ ಆಯ್ಕೆ ರಿಚರ್ಡ್ ಸಾಫರ್‌ಸ್ಟೀನ್ ಅವರ 'ಕ್ರಿಮಿನಲಿಸ್ಟಿಕ್ಸ್'. ಅವರು ನ್ಯೂಜೆರ್ಸಿ ರಾಜ್ಯ ಪೊಲೀಸರ ಪ್ರಯೋಗಾಲಯ ನಡೆಸಿದವರು. ಗಾಜು, ಬಣ್ಣ, ನಾರು, ಮಣ್ಣು, ಬೆಂಕಿಯ ಅವಶೇಷ ಇವನ್ನು ವಿಜ್ಞಾನದ ಬುಡದಿಂದ ಹೇಳಿಕೊಡುವುದರಲ್ಲಿ ಅವರನ್ನು ಮೀರಿಸುವುದು ಕಷ್ಟ. ಸಾಂದ್ರತೆ, ವಕ್ರೀಭವನ ಸೂಚ್ಯಂಕ, ಕ್ರೊಮೆಟೊಗ್ರಫಿ ಇವೆಲ್ಲ ನಿಮ್ಮ ಪದವಿಯ ಪಾಠವೇ. ಅದರಲ್ಲಿನ ಅಮೆರಿಕದ ಕಾನೂನಿನ ಪುಟಗಳನ್ನು ದಾಟಿ ಹೋಗಿ.

ಪಾಠದ ಜೊತೆಗೆ ಕಾಲೇಜು ಲ್ಯಾಬಿನಲ್ಲಿ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ, ಅಧ್ಯಾಪಕರ ಎದುರಿಗೇ ಮಾಡಿ. ರಕ್ತದ ಕಲೆಗೆ ಮೊದಲು ಮಾಡುವ ಕಾಸಲ್–ಮೇಯರ್ ಪರೀಕ್ಷೆ ಇದು. ಫಿನಾಲ್ಫ್ತಲೀನ್ 2 ಗ್ರಾಂ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ 20 ಗ್ರಾಂ, ನೀರು 100 ಮಿ.ಲೀ., ಸತುವಿನ ಪುಡಿ 20 ಗ್ರಾಂ ಸೇರಿಸಿ ಗುಲಾಬಿ ಬಣ್ಣ ಪೂರ್ತಿ ಹೋಗುವವರೆಗೆ ಕುದಿಸಿ. ಕ್ಷಾರ ಬಹಳ ತೀಕ್ಷ್ಣ, ಕನ್ನಡಕ–ಕೈಗವಸು ಬೇಕೇ ಬೇಕು. ಬಣ್ಣ ಹೋದ ದ್ರಾವಣವನ್ನು ಒಂದಿಷ್ಟು ಸತುವಿನ ಮೇಲೆಯೇ ಕಂದು ಸೀಸೆಯಲ್ಲಿ ಇಡಿ, ಇಲ್ಲದಿದ್ದರೆ ಗಾಳಿಯ ಆಮ್ಲಜನಕಕ್ಕೇ ಮತ್ತೆ ಗುಲಾಬಿಯಾಗುತ್ತದೆ. ಮಾಂಸದಂಗಡಿಯ ರಕ್ತದ ಒಣ ಕಲೆಯನ್ನು ಹತ್ತಿಕಡ್ಡಿಯಿಂದ ಒರೆಸಿ, ಮೊದಲು ಒಂದು ಹನಿ ಆಲ್ಕೋಹಾಲ್, ನಂತರ ಈ ದ್ರಾವಣ, ಕೆಲವು ಸೆಕೆಂಡು ತಡೆದು ಕೊನೆಗೆ 3% ಹೈಡ್ರೋಜನ್ ಪೆರಾಕ್ಸೈಡ್. ಪೆರಾಕ್ಸೈಡ್ ಹಾಕಿದ ಕೂಡಲೇ ಗುಲಾಬಿ ಬಂದರೆ ರಕ್ತ ಇರಬಹುದು. ಪೆರಾಕ್ಸೈಡಿಗೆ ಮೊದಲೇ ಬಣ್ಣ ಬಂದರೆ ಅದು ಬ್ಲೀಚಿಂಗ್ ಪುಡಿಯಂಥ ಆಕ್ಸಿಡೈಸರ್ ಕೆಲಸ. ಹನಿಗಳ ಕ್ರಮ ತಪ್ಪಿಸಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಆಮೇಲೆ ಹಸಿ ಮೂಲಂಗಿ ಕೊಯ್ದು ಅದೇ ಪರೀಕ್ಷೆ ಮಾಡಿ ನೋಡಿ: ಗಿಡದ ಪೆರಾಕ್ಸಿಡೇಸ್ ಕಿಣ್ವಕ್ಕೂ ಬಣ್ಣ ಬರಬಹುದು, ಸಾಮಾನ್ಯವಾಗಿ ತಡವಾಗಿ. ಅರ್ಧ ನಿಮಿಷದ ಮೇಲೆ ಬಂದ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕುರಿಯ ರಕ್ತಕ್ಕೂ ಮನುಷ್ಯನ ರಕ್ತಕ್ಕೂ ಇದು ಭೇದ ಹೇಳುವುದಿಲ್ಲ. ಮೊದಲ ಪರೀಕ್ಷೆ, ಖಚಿತ ಪರೀಕ್ಷೆ ಎಂದು ಪುಸ್ತಕಗಳು ಏಕೆ ಬೇರೆ ಮಾಡುತ್ತವೆ ಎಂಬುದು ಒಂದೇ ಮಧ್ಯಾಹ್ನದಲ್ಲಿ ತಲೆಗೆ ಇಳಿಯುತ್ತದೆ.

ಬೆರಳಚ್ಚಿಗೆ ಬಂದರೆ ಕಾಸು ಖರ್ಚಿಲ್ಲದೆ ಬಹಳ ದೂರ ಹೋಗಬಹುದು. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೊ ಶುರುವಾಯಿತು. ವಿಂಗಡಣೆಯ ಗಣಿತ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಬಂದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. ಹೆನ್ರಿಯ 1900ರ ಪುಸ್ತಕ, ಗಾಲ್ಟನ್‌ನ 1892ರ 'ಫಿಂಗರ್ ಪ್ರಿಂಟ್ಸ್' ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ. ಇಂದಿನ ಪದ್ಧತಿಗೆ ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ 2011ರಲ್ಲಿ ಹೊರತಂದ 'ದಿ ಫಿಂಗರ್‌ಪ್ರಿಂಟ್ ಸೋರ್ಸ್‌ಬುಕ್' ಓದಿ, ಅದೂ ಪುಕ್ಕಟೆ.

ಓದುತ್ತಲೇ ಮನೆಯವರ ಹತ್ತೂ ಬೆರಳಿನ ಅಚ್ಚು ತೆಗೆಯಿರಿ. ಸ್ಟ್ಯಾಂಪ್ ಪ್ಯಾಡಿನ ಶಾಯಿ ಹರಡಿ ರೇಖೆ ಕೂಡಿಕೊಳ್ಳುತ್ತದೆ. ಪ್ರಿಂಟಿಂಗ್ ಪ್ರೆಸ್ಸಿನಿಂದ ಚಮಚೆಯಷ್ಟು ಕಪ್ಪು ಶಾಯಿ ತಂದು ಗಾಜಿನ ಮೇಲೆ ರೋಲರಿನಿಂದ ಬಹಳ ತೆಳ್ಳಗೆ ಹರಡಿ. ಶಾಯಿ ಜಾಸ್ತಿಯಾದರೆ ರೇಖೆಗಳ ನಡುವಿನ ಸಾಲು ತುಂಬಿ ಅಚ್ಚು ಮಸಿಯಾಗುತ್ತದೆ. ಬೆರಳನ್ನು ಒಂದು ಉಗುರಂಚಿನಿಂದ ಇನ್ನೊಂದು ಉಗುರಂಚಿಗೆ ಒಂದೇ ಸಲ ಉರುಳಿಸಿ, ಹೆಬ್ಬೆರಳು ಮೈ ಕಡೆಗೆ, ಉಳಿದವು ಮೈಯಿಂದ ಹೊರಕ್ಕೆ. ಇಳಕಲ್ಲಿನ ಕಲ್ಲು ಕೆಲಸಗಾರರ, ಕಬ್ಬು ಕಡಿಯುವವರ ಬೆರಳಿನಲ್ಲಿ ರೇಖೆ ಸವೆದಿರುತ್ತವೆ. ಅಂಥ ಅಚ್ಚು ಸಿಕ್ಕರೆ ಜೋಪಾನ ಮಾಡಿ, ಕಲಿಯಲು ಅದೇ ಒಳ್ಳೆಯದು.

ಅಚ್ಚು ಒಣಗಿದ ಮೇಲೆ ಹೆನ್ರಿ ಸೂತ್ರ ಹಾಕಿ. ಬಲ ಹೆಬ್ಬೆರಳು 1, ಬಲ ಕಿರುಬೆರಳು 5, ಎಡ ಹೆಬ್ಬೆರಳು 6, ಎಡ ಕಿರುಬೆರಳು 10. 1–2, 3–4 ಹೀಗೆ ಎರಡೆರಡು ಬೆರಳಿನ ಐದು ಜೋಡಿ ಮಾಡಿ, ಜೋಡಿಯ ಪ್ರತಿ ಬೆರಳಿಗೆ ಬೆಲೆ ಕ್ರಮವಾಗಿ 16, 8, 4, 2, 1. ರೇಖೆಗಳು ಸುರುಳಿಯಾಗಿ ಸುತ್ತಿಕೊಂಡ ಬೆರಳಿಗೆ ಮಾತ್ರ ಬೆಲೆ, ಉಳಿದ ಎರಡು ನಮೂನೆಗಳಾದ ಕುಣಿಕೆ ಮತ್ತು ಕಮಾನಿಗೆ ಸೊನ್ನೆ. ಸಮ ಸಂಖ್ಯೆಯ ಬೆರಳುಗಳ ಮೊತ್ತಕ್ಕೆ 1 ಸೇರಿಸಿದರೆ ಅಂಶ, ಬೆಸ ಸಂಖ್ಯೆಯವುಗಳ ಮೊತ್ತಕ್ಕೆ 1 ಸೇರಿಸಿದರೆ ಛೇದ. ಬಲ ಹೆಬ್ಬೆರಳು, ಬಲ ಉಂಗುರ ಬೆರಳು ಎರಡರಲ್ಲಿ ಮಾತ್ರ ಸುರುಳಿ ಇದ್ದರೆ ಅಂಶ 8+1, ಛೇದ 16+1, ಅಂದರೆ 9/17. ಹೀಗೆ ಒಟ್ಟು 1,024 ಗುಂಪು. ಲಕ್ಷಗಟ್ಟಲೆ ಚೀಟಿಗಳ ನಡುವೆ ಒಂದನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹುಡುಕಿದ್ದು ಈ ಲೆಕ್ಕದಿಂದ.

ಅಪರಾಧ ಸ್ಥಳದ ಕೆಲಸಕ್ಕೆ ಬ್ಯಾರಿ ಫಿಶರ್ ಅವರ 'ಟೆಕ್ನಿಕ್ಸ್ ಆಫ್ ಕ್ರೈಮ್ ಸೀನ್ ಇನ್ವೆಸ್ಟಿಗೇಷನ್' ಸಾಕು. ಅದರ ಪಕ್ಕದಲ್ಲಿ ಹಾನ್ಸ್ ಗ್ರಾಸ್‌ನ 1893ರ ಜರ್ಮನ್ ಗ್ರಂಥದ ಇಂಗ್ಲಿಷ್ ರೂಪ ಇಟ್ಟುಕೊಳ್ಳಿ. 1906ರಲ್ಲಿ ಮದ್ರಾಸಿನಲ್ಲಿ ಆಡಮ್ ಎಂಬ ಅಡ್ಡಹೆಸರಿನ ಇಬ್ಬರು ವಕೀಲರು ಭಾರತದ ಪದ್ಧತಿಗೆ ಒಗ್ಗಿಸಿ ಅದನ್ನು ಅನುವಾದ ಮಾಡಿದರು. ರಸಾಯನಶಾಸ್ತ್ರ ಹಳತಾಗಿದೆ, ಆದರೆ ಸ್ಥಳವನ್ನು ನೋಡುವ, ಬರೆದಿಡುವ ಶಿಸ್ತು ಹಳತಾಗಿಲ್ಲ. ಹೆಜ್ಜೆ ಗುರುತಿನ ಅಧ್ಯಾಯ ಓದಿದ ಮೇಲೆ ಎರಿಭೂಮಿಯ ಹಸಿ ಮಣ್ಣಿನಲ್ಲಿ ಒಂದು ಅಚ್ಚು ತೆಗೆಯಿರಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತು, ತೊಳೆಯುವಾಗ ಗೆರೆಗಳು ಅಳಿಯುತ್ತವೆ. ದಂತವೈದ್ಯರ ಸಾಮಾನು ಮಾರುವಲ್ಲಿ ಡೆಂಟಲ್ ಸ್ಟೋನ್ ಕೇಳಿ. ಸುಮಾರು 900 ಗ್ರಾಂ ಪುಡಿಗೆ 350 ಮಿ.ಲೀ. ನೀರು, ದೋಸೆ ಹಿಟ್ಟಿನ ಹದ. ಗುರುತಿನ ಮೇಲೆ ನೇರವಾಗಿ ಸುರಿಯದೆ ಪಕ್ಕದ ನೆಲಕ್ಕೆ ಸುರಿದು ಒಳಕ್ಕೆ ಹರಿಯಲು ಬಿಡಿ. ಅರ್ಧ ಗಂಟೆ ಬಿಟ್ಟು ಎತ್ತಿ, ಅಂಟಿದ ಮಣ್ಣನ್ನು ಆಗಲೇ ತಿಕ್ಕದೆ ಒಂದೆರಡು ದಿನ ಒಣಗಿಸಿ ಆಮೇಲೆ ತೊಳೆಯಿರಿ.

ಡಿಎನ್‌ಎಗೆ ಜಾನ್ ಬಟ್ಲರ್ ಅವರ 'ಫಂಡಮೆಂಟಲ್ಸ್ ಆಫ್ ಫೊರೆನ್ಸಿಕ್ ಡಿಎನ್‌ಎ ಟೈಪಿಂಗ್', ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಚೆನ್ನಾಗಿ ಗೊತ್ತಾದ ಮೇಲೆ. ಬಂದೂಕಿಗೆ ಬ್ರಯಾನ್ ಹರ್ಡ್ ಅವರ ಕೈಪಿಡಿ. ಆದರೆ ನಾಡ ಪಿಸ್ತೂಲಿನ ನಳಿಗೆಯಲ್ಲಿ ಸಾಮಾನ್ಯವಾಗಿ ಸುರುಳಿ ಗೆರೆ ಇರುವುದಿಲ್ಲ, ಆದ್ದರಿಂದ ಗುಂಡಿನ ಮೇಲಿನ ಗೆರೆಗಿಂತ ತೋಟೆಯ ಹಿಂಬದಿಯ ಪಿನ್ ಗುರುತಿನ ಪುಟಗಳನ್ನು ಹೆಚ್ಚು ಗಮನವಿಟ್ಟು ಓದಿ. ದಾಖಲೆ ಪರೀಕ್ಷೆಗೆ ಆಲ್ಬರ್ಟ್ ಆಸ್ಬರ್ನ್ ಅವರ 1910ರ 'ಕ್ವೆಶ್ಚನ್ಡ್ ಡಾಕ್ಯುಮೆಂಟ್ಸ್' ಇಂದಿಗೂ ಅಡಿಪಾಯ. ಅದು ರೋಮನ್ ಲಿಪಿಗೆ ಬರೆದದ್ದು. ಕನ್ನಡದ ತಲೆಕಟ್ಟು, ಒತ್ತಕ್ಷರ, ದೀರ್ಘದ ಬಾಲ ಇವುಗಳಲ್ಲಿ ಕೈಬರಹದ ವ್ಯತ್ಯಾಸ ಹುಡುಕುವುದನ್ನು ನೀವೇ ಗೆಳೆಯರ ನೋಟ್‌ಬುಕ್ ಇಟ್ಟುಕೊಂಡು ರೂಢಿಸಬೇಕು. ಮುಂಬಯಿ ಪ್ರಾಂತದ ಕಾಲದ ಮೋಡಿ ಲಿಪಿಯ ಕಾಗದಗಳು ಬೆಳಗಾವಿ ಕಡೆಯ ಹಳೆಯ ಜಮೀನು ವ್ಯಾಜ್ಯಗಳಲ್ಲಿ ಬರುತ್ತವೆ. ಈ ಶಾಖೆ ಹಿಡಿಯುವವರು ಮೋಡಿ ಓದಲು ಕಲಿತರೆ ನಮ್ಮ ಭಾಗದಲ್ಲಿ ಬಹಳ ಉಪಯೋಗ.

ಇಷ್ಟು ಓದಿದ ಮೇಲೆ, ತಪ್ಪದೆ, ಈ ವಿಜ್ಞಾನವನ್ನೇ ಪ್ರಶ್ನಿಸುವ ಬರಹ ಓದಿ. ಅಮೆರಿಕದ ನ್ಯಾಷನಲ್ ಅಕಾಡೆಮಿ 2009ರಲ್ಲಿ ಕೊಟ್ಟ ವರದಿ ಅಕಾಡೆಮಿಯ ಪ್ರಕಾಶನದ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಡಿಎನ್‌ಎ ಒಂದನ್ನು ಬಿಟ್ಟರೆ ಬೇರೆ ಯಾವ ವಿಧಾನವೂ ಒಂದು ಗುರುತನ್ನು ಇಂಥವನದೇ ಎಂದು ಸತತವಾಗಿ, ಖಚಿತವಾಗಿ ಹೇಳಬಲ್ಲದೆಂದು ಕಠಿಣ ಪರೀಕ್ಷೆಯಿಂದ ಸಾಬೀತಾಗಿಲ್ಲ ಎಂದಿತು ಅದು. ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿಯ 2016ರ ಪಿ-ಕ್ಯಾಸ್ಟ್ ವರದಿ ಹಲ್ಲಿನ ಕಚ್ಚು ಗುರುತಿನ ವಿಶ್ಲೇಷಣೆಗೆ ವೈಜ್ಞಾನಿಕ ಆಧಾರ ಕಾಣದು ಎಂದಿತು. ಇವೆರಡರ ಜೊತೆ ಬ್ರ್ಯಾಂಡನ್ ಮೇಫೀಲ್ಡ್ ಪ್ರಕರಣದ ಬಗ್ಗೆ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2006ರಲ್ಲಿ ಕೊಟ್ಟ ವರದಿ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ಒಂದು ಬೆರಳಚ್ಚು ಆರೆಗಾನ್‌ನ ಈ ವಕೀಲರದೇ ಎಂದು ಎಫ್‌ಬಿಐನ ಅನುಭವಿ ಪರೀಕ್ಷಕರು ಒಬ್ಬರ ಮೇಲೊಬ್ಬರು ಹೇಳಿದರು. ಅದು ಅವರದಾಗಿರಲಿಲ್ಲ, ಸ್ಪೇನ್ ಪೊಲೀಸರು ಬೇರೊಬ್ಬನನ್ನು ಗುರುತಿಸಿದರು. ಮೊದಲು ಹೋಲಿಕೆ ಕಂಡ ಮೇಲೆ ಪರೀಕ್ಷಕರು ಶಂಕಿತನ ಅಚ್ಚಿನಲ್ಲಿದ್ದ ವಿವರಗಳನ್ನೇ ಸ್ಥಳದಲ್ಲಿ ಸಿಕ್ಕ ಮಸುಕು ಅಚ್ಚಿನೊಳಗೂ ಕಾಣತೊಡಗಿದರು ಎಂಬುದು ವರದಿಯ ಮುಖ್ಯ ಅಂಶಗಳಲ್ಲೊಂದು. ಅದಕ್ಕೇ ಮಸುಕು ಅಚ್ಚಿನ ಟಿಪ್ಪಣಿ ಪೂರ್ತಿ ಬರೆದಿಟ್ಟ ಮೇಲೆ ಮಾತ್ರ ಶಂಕಿತನ ಅಚ್ಚು ತೆರೆಯಬೇಕು. ಮನೆಯವರ ಅಚ್ಚು ಹೋಲಿಸುವಾಗಲೇ ಈ ಅಭ್ಯಾಸ ಮಾಡಿಕೊಳ್ಳಿ. ಒಬ್ಬ ಮನುಷ್ಯನ ಬಿಡುಗಡೆಯೂ ಶಿಕ್ಷೆಯೂ ನೀವು ಬರೆಯುವ ಒಂದು ಸಾಲಿನ ಮೇಲೆ ನಿಲ್ಲುತ್ತದೆ.

ಬೇಸರ ಬಂದ ದಿನ ಓದಲು ಡೆಬೊರಾ ಬ್ಲಮ್ ಅವರ 'ದಿ ಪಾಯ್ಸನರ್ಸ್ ಹ್ಯಾಂಡ್‌ಬುಕ್' ಇದೆ. ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ನಾರಿಸ್ ಮತ್ತು ಅಲೆಕ್ಸಾಂಡರ್ ಗೆಟ್ಲರ್ ವಿಷಶಾಸ್ತ್ರವನ್ನು ಕಟ್ಟಿದ ಕಥೆ. ರಸಾಯನಶಾಸ್ತ್ರ ಓದುವವರಿಗೆ ಕೈಬಿಡಲು ಮನಸ್ಸಾಗದು.

ಪುಸ್ತಕ ಸಿಗುವ ಜಾಗ: ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ, ಅವುಗಳ ಗ್ರಂಥಾಲಯದಲ್ಲಿ ರೆಡ್ಡಿಯವರ ಪುಸ್ತಕ, ಅದೇ ವಿಷಯದ ಮೋದಿ, ಪಾರಿಖ್ ಎಂಬ ಲೇಖಕರ ಪಠ್ಯಗಳು ಇರುತ್ತವೆ. ನಿಮ್ಮ ಪ್ರಾಂಶುಪಾಲರಿಂದ ಪತ್ರ ಬರೆಸಿಕೊಂಡು ಹೋಗಿ, ಅಲ್ಲೇ ಕೂತು ಓದಲು ಅನುಮತಿ ಕೇಳಿ. ಯುಜಿಸಿಯ ಇ-ಪಿಜಿ ಪಾಠಶಾಲಾ ತಾಣದಲ್ಲಿ ಫೊರೆನ್ಸಿಕ್ ಸೈನ್ಸಿನ ಸ್ನಾತಕೋತ್ತರ ಪಾಠಗಳು ಪುಕ್ಕಟೆ ಇವೆ. 30 ದಿನದಲ್ಲಿ ಪಾಸು ಮಾಡಿಸುವ ಪ್ರಶ್ನೋತ್ತರ ಗೈಡುಗಳಿಗೆ ದುಡ್ಡು ಹಾಕಬೇಡಿ. ಎಂ.ಎಸ್ಸಿ.ಗೆ ನಿಮಗೆ ಹತ್ತಿರದ್ದು ಧಾರವಾಡ: ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ಫೊರೆನ್ಸಿಕ್ ವಿಭಾಗ, ಜೊತೆಗೆ ಗಾಂಧಿನಗರದ ರಾಷ್ಟ್ರೀಯ ಫೊರೆನ್ಸಿಕ್ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್. ಎರಡರ ಪ್ರವೇಶ ಪಠ್ಯಕ್ರಮವನ್ನೂ ಈಗಲೇ ಇಳಿಸಿಕೊಂಡು, ಮೇಲೆ ಹೇಳಿದ ಅಧ್ಯಾಯಗಳ ಎದುರು ಗುರುತು ಹಾಕಿಕೊಳ್ಳಿ. ಅಂತಿಮ ವರ್ಷಕ್ಕೆ ಬರುವಷ್ಟರಲ್ಲಿ ರೆಡ್ಡಿಯವರ ವಿಷಶಾಸ್ತ್ರದ ಭಾಗ ಮತ್ತು ಸಾಫರ್‌ಸ್ಟೀನ್‌ನ ಉಪಕರಣ ವಿಶ್ಲೇಷಣೆಯ ಅಧ್ಯಾಯಗಳು ಮುಗಿದಿರಲಿ.